ಕಿಟ್ ನಿಲ್ಲಿಸಿದ ಟ್ರಸ್ಟ್: ದಿನಸಿ ಅಂಗಡಿಯವನೊಬ್ಬನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಈ ಟ್ರಸ್ಟಿನಿಂದ ನನಗೆ ನಷ್ಟ ಆಗಿದೆ. ತಿಂಗಳಿಗೆ 150 ದಿನಸಿ ಕಿಟ್ ಕಟ್ಟಿಕೊಡುವ ಆರ್ಡರ್ ನನ್ನದಾಗಿತ್ತು. ಹಾಸನದ ಒಂದು ಮೂಲೆ ಅಂಗಡಿಗೆ ಅದು ಸಣ್ಣ ವ್ಯಾಪಾರ ಅಲ್ಲ. ಅದನ್ನು ಅವರು ನಿಲ್ಲಿಸಿದರು. ಆದರೂ ಅವರ ಹೊಸ ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಯಾಕೆ ಕಳೆದೆ ಅಂತ ಕೊನೆಗೆ ಹೇಳುತ್ತೇನೆ. ಆರ್ಡರ್ ಹೋದ ಸಿಟ್ಟಿಗಂತೂ ಅಲ್ಲ.

ಟ್ರಸ್ಟಿನ ಹೆಸರು ಹಾಕುತ್ತಿಲ್ಲ. ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಅವರು ನೋಡಿಕೊಳ್ಳುವುದು ನಮ್ಮ ಅಕ್ಕಪಕ್ಕದ ಮೂರು ವಾರ್ಡ್ ಮಾತ್ರ. ಹೆಸರು ಓಡಾಡಿದರೆ ಆಲೂರಿನಿಂದ ಅರಸೀಕೆರೆವರೆಗೆ ಜನ ಬಸ್ ಹತ್ತಿ ಕಿಟ್ ಕೇಳಿಕೊಂಡು ಬರುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸಬೇಕಾಗುತ್ತದೆ. ಸಾಲಗಾಮೆ ರಸ್ತೆ ಕಡೆ ಓಡಾಡುವವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತೆ ಬಿಡಿ.

ಕಿಟ್ ಶುರುವಾಗಿದ್ದು 2020ರ ಲಾಕ್‌ಡೌನಿನಲ್ಲಿ. ಆಗ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಗಾರೆ ಕೆಲಸ ಇಲ್ಲ, ಹೋಟೆಲ್ ಇಲ್ಲ, ಸಂತೆ ಇಲ್ಲ. ಐದು ಕೆ.ಜಿ. ಅಕ್ಕಿ, ಒಂದು ಕೆ.ಜಿ. ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಸಕ್ಕರೆ, ಉಪ್ಪು, ರವೆ, ಖಾರದ ಪುಡಿ, ಎರಡು ಸೋಪು. ಇಷ್ಟು ಹಾಕಿ ಚೀಲ ಕಟ್ಟುತ್ತಿದ್ದೆವು. ಲಾಕ್‌ಡೌನ್ ಹೋಯಿತು, ಕಿಟ್ ಮಾತ್ರ ಉಳಿಯಿತು. ಪ್ರತಿ ತಿಂಗಳ ಎರಡನೇ ಶನಿವಾರ ಗೂಡ್ಸ್ ಆಟೋದಲ್ಲಿ ಚೀಲ ಹೇರಿಕೊಂಡು ಹೋಗುತ್ತಿದ್ದೆ. ಅಲ್ಲಿ ಫ್ಲೆಕ್ಸ್, ಮೈಕು, ಶಾಲು. ಕೊಡುವವರು ಐದಾರು ಜನ ಒಂದೇ ಚೀಲ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿದ್ದರು. ತಗೊಳ್ಳುವ ಹೆಂಗಸು ಸೆರಗನ್ನು ಮುಖಕ್ಕೆ ಎಳೆದುಕೊಂಡು ನೆಲ ನೋಡುತ್ತಿದ್ದಳು. "ಸ್ವಲ್ಪ ಈ ಕಡೆ ನೋಡಮ್ಮ" ಅಂತ ಫೋಟೋದವನು ಕೂಗುತ್ತಿದ್ದ. ನನಗೆ ಬಿಲ್ ಪಾಸಾದರೆ ಸಾಕಿತ್ತು, ಸುಮ್ನೆ ನಿಂತಿರುತ್ತಿದ್ದೆ.

ಆಮೇಲಿನ ಕತೆ ಟ್ರಸ್ಟಿನವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ಕಟ್ಟಿದ ಸಾಮಾನು ಸಂಜೆ ನನ್ನ ಅಂಗಡಿಗೇ ವಾಪಸ್ ಬರುತ್ತಿತ್ತು. "ಅಣ್ಣ, ಈ ಸಕ್ಕರೆ ಇಟ್ಕೊಂಡು ಟೀ ಪುಡಿ ಕೊಡಿ." "ಶೆಟ್ರೇ, ಎರಡು ಪ್ಯಾಕೆಟ್ ರವೆ ಐತೆ, ಇದನ್ನ ಮುರ್ಕೊಂಡು ಫೋನಿಗೆ ಕರೆನ್ಸಿ ಹಾಕಿ." ನಾನು ಶೆಟ್ಟಿ ಅಲ್ಲ, ಆದರೆ ನಮ್ಮ ಕಡೆ ದಿನಸಿ ಅಂಗಡಿ ಗಲ್ಲಾ ಮೇಲೆ ಕೂತವನೆಲ್ಲ ಶೆಟ್ರೇ. ಅಕ್ಕಿಯನ್ನಂತೂ ಯಾರೂ ಕೇಳುತ್ತಿರಲಿಲ್ಲ. ಸೊಸೈಟಿ ಅಕ್ಕಿ ಮನೆಯಲ್ಲಿ ಇದ್ದೇ ಇರುತ್ತದೆ. ಅದೂ ಅಲ್ಲದೆ ಮುದ್ದೆ ಉಣ್ಣುವ ಊರು ಇದು. ಕಿಟ್ಟಿನಲ್ಲಿ ಒಂದು ದಿನವೂ ರಾಗಿ ಹಿಟ್ಟು ಇರಲಿಲ್ಲ! ಲಿಸ್ಟ್ ಮಾಡಿದವರು ಯಾರೋ ಏನೋ.

ಒಂದು ವಿಷಯ ನಾನು ಗಮನಿಸಿದ್ದೆ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಬದಲು ಕೆ.ಜಿ.ಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರಲ್ವಾ? ಐದು ಜನ ಇರುವ ಮನೆಗೆ 850 ರೂಪಾಯಿ. ಅಂದರೆ ಸರಿಸುಮಾರು ನಮ್ಮ ಒಂದು ಕಿಟ್ಟಿನ ಬೆಲೆ. ಆ ದುಡ್ಡು ಬಂದ ತಿಂಗಳು ಉದ್ರಿ ಕಮ್ಮಿ ಇರುತ್ತಿತ್ತು. ಕಿಟ್ ಕೊಟ್ಟ ತಿಂಗಳು ಉದ್ರಿ ಹಾಗೇ ಇರುತ್ತಿತ್ತು. 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ ಬರಲು ಶುರುವಾಯಿತು. ಆಗಿನಿಂದ ಅಕ್ಕಿ ಮುರಿದುಕೊಳ್ಳಿ ಅನ್ನುವವರು ಜಾಸ್ತಿಯಾದರು. ನಾನು ತಗೊಳ್ಳುವುದಿಲ್ಲ, ಅದು ಬೇರೆ ಮಾತು.

ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದ ಮೇಲೆ ಎಲ್ಲ ಬದಲಾಯಿತು. ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ರಿಟೈರ್ ಆದ ಮೇಡಂ. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಕಿಟ್ಟಿನ ರೇಟ್ ಇಳಿಸಿ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

"ಅಣ್ಣ, ನಿಮ್ಮ ಉದ್ರಿ ಪುಸ್ತಕ ಒಂಚೂರು ನೋಡಬಹುದಾ?"

"ಅದು ಆಗಲ್ಲ ಮೇಡಂ. ನಾಳೆ ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ."

"ಹೆಸರು ಬೇಡ. ಸಾಮಾನು ಮಾತ್ರ ಓದಿ, ನಾನು ಬರ್ಕೋತೀನಿ."

ಹೆಸರಿನ ಸಾಲಿನ ಮೇಲೆ ಅಗರಬತ್ತಿ ರಟ್ಟು ಇಟ್ಟುಕೊಂಡು ಓದಿದೆ. ಟೀ ಪುಡಿ, ಹಾಲು, ಬ್ರೆಡ್ಡು. ತಲೆನೋವಿನ ಮಾತ್ರೆ. ಕರೆನ್ಸಿ, ಕರೆನ್ಸಿ, ಕರೆನ್ಸಿ. ಪ್ಯಾಡು. ಕೊಬ್ಬರಿ ಎಣ್ಣೆ ಸಣ್ಣ ಬಾಟ್ಲು. ಬಟ್ಟೆ ಸೋಪು. ಜೂನ್ ಪುಟಗಳಲ್ಲಿ ನೋಟ್‌ಬುಕ್ಕು, ಬೈಂಡ್ ಹಾಕುವ ಕಾಗದ, ಪೆನ್ಸಿಲ್ ಬಾಕ್ಸು. ಅಕ್ಕಿ ಅಂತ ಬರೆದದ್ದು ಪುಟಕ್ಕೊಂದು ಸಿಕ್ಕರೆ ಹೆಚ್ಚು.

ಆಮೇಲೆ ಮೇಡಂ ತಿಂಗಳು ತಿಂಗಳು ಲೆಕ್ಕ ಕೇಳಿದರು. ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ? ಅದು ನನಗೆ ಪುಸ್ತಕ ನೋಡದೇ ಗೊತ್ತು. ಜೂನಿನಲ್ಲಿ ಸ್ಕೂಲ್ ಶುರುವಾದಾಗ ಏರುತ್ತದೆ. ಆಷಾಢದ ಮಳೆಗೆ ಗಾರೆ ಕೆಲಸ ನಿಂತರೆ ಇನ್ನೂ ಏರುತ್ತದೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಹೂವು, ಹಣ್ಣುಕಾಯಿ ಮಾರುವವರು, ಆಟೋದವರು ಬಂದು ಬಾಕಿ ತೀರಿಸುತ್ತಾರೆ. ಅಲ್ಲಿಂದ ಮುಂದೆ ಸಕಲೇಶಪುರದ ಕಡೆ ಕಾಫಿ ಹಣ್ಣು ಬಿಡಿಸುವ ಕೆಲಸ ಶುರು. ಬೆಳಿಗ್ಗೆಯೇ ಜೀಪು, ಪಿಕಪ್ಪು ಬಂದು ಹೆಂಗಸರನ್ನು ಕರೆದುಕೊಂಡು ಹೋಗುತ್ತವೆ. ಜನವರಿ ಮುಗಿಯುವವರೆಗೆ ಉದ್ರಿ ಪುಸ್ತಕ ಹಗುರ. ಮೊದಲು ಆಲೂಗಡ್ಡೆ ಕೀಳುವ ಕಾಲದಲ್ಲೂ ಹೀಗೇ ದುಡ್ಡು ಓಡಾಡುತ್ತಿತ್ತು. ಅಂಗಮಾರಿ ರೋಗ ಬಿದ್ದು ಬಿದ್ದು ರೈತರೇ ಆಲೂಗಡ್ಡೆ ಬಿಟ್ಟು ಶುಂಠಿ, ಮುಸುಕಿನ ಜೋಳಕ್ಕೆ ಹೋದರು. ಆ ಪುಟಗಳೂ ಹೋದವು.

ಇದಲ್ಲದೆ ಇನ್ನೊಂದು ಥರದ ಏರಿಕೆ ಇದೆ. ಅದಕ್ಕೆ ಮಳೆ ಬಿಸಿಲು ಅಂತ ಇಲ್ಲ. ಒಂದೇ ಮನೆಯ ಲೆಕ್ಕ ಇದ್ದಕ್ಕಿದ್ದಂತೆ ಏರಿ ಅಲ್ಲೇ ನಿಲ್ಲುತ್ತದೆ. ಮೇಡಂ ಪೆನ್ನು ನಿಲ್ಲಿಸಿದ್ದು ಅಲ್ಲಿ. "ಈ ಮನೆಗಳಲ್ಲಿ ಏನಾಗಿದೆ ಅಂತ ಗೊತ್ತಾ ಅಣ್ಣ?" ಕೆಲವು ಗೊತ್ತಿತ್ತು. ಗಂಡ ಸಾರುವೆಯಿಂದ ಬಿದ್ದ. ಮಗಳ ಬಾಣಂತನ. ಸಂಘದ ಸಾಲದ ಕಂತು. ಕೆಲವು ಗೊತ್ತಿರಲಿಲ್ಲ.

ಮುಂದಿನ ಎರಡು ತಿಂಗಳು ಟ್ರಸ್ಟಿನವರು ಮೆಡಿಕಲ್ ಸ್ಟೋರು, ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಮನೆಮನೆ ಅಂತ ಸುತ್ತಿದರು. ಆಮೇಲೆ ಕಿಟ್ ಬಂದ್. ಆ ದುಡ್ಡಿನಲ್ಲಿ ಒಂದು ಮೇಜು, ಲ್ಯಾಪ್‌ಟಾಪು, ಪ್ರಿಂಟರು, ಸಮಾಜಕಾರ್ಯ ಓದಿದ ಇಬ್ಬರು ಹುಡುಗಿಯರು, ಮತ್ತೆ ಗ್ರಾಮ ಲೆಕ್ಕಿಗರಾಗಿದ್ದು ರಿಟೈರ್ ಆದ ಒಬ್ಬರು. ಹೋದವರನ್ನು ಏನು ಬೇಕು ಅಂತ ಅವರು ಕೇಳುವುದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕೇಳುತ್ತಾರೆ. ಈ ಸರ್ವಿಸ್ ಬಗ್ಗೆಯೇ ನಾನು ಬರೆಯುತ್ತಿರುವುದು.

ಒಂದು ಕೇಸ್ ಪೂರ್ತಿ ಹೇಳುತ್ತೇನೆ. ನಾನು ಹತ್ತಿರದಿಂದ ನೋಡಿದ್ದು ಅದನ್ನೇ.

ನಮ್ಮ ರಸ್ತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಒಬ್ಬರಿದ್ದಾರೆ. ಬೆಳಿಗ್ಗೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ಹೊರೆಗಟ್ಟಲೆ ತಂದು ಸಣ್ಣ ಕಟ್ಟು ಮಾಡಿ ಬಾಳೆನಾರಿನಲ್ಲಿ ಬಿಗಿಯುತ್ತಾರೆ. ಎಪ್ಪತ್ತು ದಾಟಿದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ ಬರುತ್ತಿತ್ತು, ಇದ್ದಕ್ಕಿದ್ದಂತೆ ನಿಂತಿತು. ಬ್ಯಾಂಕಿನಲ್ಲಿ ಕೇಳಿದರೆ "ಬಂದಿಲ್ಲ ಅಜ್ಜಿ, ತಾಲ್ಲೂಕು ಆಫೀಸಲ್ಲಿ ಕೇಳಿ". ಅಲ್ಲಿ ಕೇಳಿದರೆ "ನಾವು ಕಳಿಸ್ತಾ ಇದೀವಿ, ಬ್ಯಾಂಕಲ್ಲಿ ಕೇಳಿ". ಅಜ್ಜಿ ಕೇಳುವುದನ್ನೇ ಬಿಟ್ಟರು. ಪ್ರತಿ ಎರಡನೇ ಶನಿವಾರ ಕಿಟ್ಟಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ನನ್ನ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಏರಿ ನಿಂತ ಲೆಕ್ಕಗಳಲ್ಲಿ ಅವರದೂ ಒಂದು.

ಟ್ರಸ್ಟಿನ ಹುಡುಗಿ ಮೊದಲು ನೋಡಿದ್ದು ಅಜ್ಜಿಯ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಅಂತ. ಅದನ್ನು ಆನ್‌ಲೈನಿನಲ್ಲಿ ನೋಡಲು ಓಟಿಪಿ ಬೇಕು. ಆಧಾರ್‌ನಲ್ಲಿ ಇದ್ದ ಮೊಬೈಲ್ ನಂಬರ್ ಯಾವತ್ತೋ ಬೆಂಗಳೂರಿಗೆ ಹೋದ ಮೊಮ್ಮಗನದು, ಆ ಸಿಮ್ಮೇ ಈಗ ಇಲ್ಲ. ಸರಿ, ನಂಬರ್ ಬದಲಿಸಲು ಆಧಾರ್ ಸೆಂಟರಿಗೆ ಹೋದರೆ ಅಲ್ಲಿ ಬೆರಳು ಕೂಡಿಬರಲಿಲ್ಲ. ಸೊಪ್ಪು, ನಾರು, ನೀರಿನಲ್ಲಿ ಬೆರಳಿನ ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು. ವಾಪಸ್ ಕಳಿಸುವುದರಲ್ಲಿದ್ದರು. ಹುಡುಗಿ ಬಿಡಲಿಲ್ಲ, ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೂತಳು. ಕಣ್ಣಿನದು ಬಂತು. ಕೆಲವು ದಿನ ಕಾದು, ಓಟಿಪಿ ಹಾಕಿ ನೋಡಿದರೆ ಅಜ್ಜಿಯ ಆಧಾರ್ ಬೇರೆ ಯಾವುದೋ ಬ್ಯಾಂಕಿಗೆ ಜೋಡಣೆಯಾಗಿತ್ತು. ಅಜ್ಜಿ ಆ ಬ್ಯಾಂಕಿನ ಹೆಸರೇ ಕೇಳಿರಲಿಲ್ಲ.

ಆದದ್ದು ಇಷ್ಟು. ಒಂದು ದಿನ ಯಾರೋ ಏಜೆಂಟ್ ಮನೆ ಬಾಗಿಲಿಗೆ ಬಂದು, ಸರ್ಕಾರದ ದುಡ್ಡು ಬರುತ್ತದೆ ಅಂತ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆದು ಹೋಗಿದ್ದ. ಆಗ ಮಾತ್ರ ಬೆರಳು ಚೆನ್ನಾಗಿ ಬಂದಿತ್ತಂತೆ! ಆಧಾರ್ ಮೇಲೆ ಬರುವ ಸರ್ಕಾರಿ ದುಡ್ಡು ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದುಕೊಂಡು ಎಷ್ಟು ಸಲ ಹೋದರೂ ಅಲ್ಲಿ ಕಾಣುವುದಿಲ್ಲ. ಪಿಂಚಣಿ ನಿಂತೇ ಇರಲಿಲ್ಲ. 14 ಕಂತು, 16,800 ರೂಪಾಯಿ, ಹೆಸರೂ ಗೊತ್ತಿಲ್ಲದ ಖಾತೆಯಲ್ಲಿ ಬಿದ್ದಿತ್ತು.

ಲೆಕ್ಕ ನೋಡಿ. ಅದೇ 14 ತಿಂಗಳು ಟ್ರಸ್ಟಿನವರು ಅಜ್ಜಿಗೆ ಕೊಟ್ಟ ಕಿಟ್ಟಿನ ಬೆಲೆ ತಲಾ 850ರಂತೆ 11,900. ಅಂದರೆ ಅಜ್ಜಿಯ ಸ್ವಂತ ದುಡ್ಡು 16,800 ಒಂದು ಕಡೆ ಸುಮ್ನೆ ಕೂತಿದೆ, ಇನ್ನೊಂದು ಕಡೆ ಅಜ್ಜಿ ಸೆರಗು ಮುಚ್ಚಿಕೊಂಡು ಸಾಲಿನಲ್ಲಿ ನಿಂತು ಪರರ ರವೆ ತಗೊಳ್ಳುತ್ತಿದ್ದಾರೆ. ಸಂಜೆ ಆ ರವೆಯನ್ನು ನನಗೆ ಕೊಟ್ಟು ಟೀ ಪುಡಿ ಒಯ್ಯುತ್ತಿದ್ದಾರೆ. ಈ ಇಡೀ ಸುತ್ತಾಟದಲ್ಲಿ ಲಾಭ ಆದದ್ದು ನನಗೊಬ್ಬನಿಗೇ.

ದುಡ್ಡು ಕೈಗೆ ಬಂದ ದಿನ ಅಜ್ಜಿ ಅಂಗಡಿಗೆ ಬಂದು ಎಲೆಅಡಿಕೆ ಸಂಚಿ ಬಿಚ್ಚಿ "ನಂದು ಎಷ್ಟಪ್ಪ, ಓದು" ಅಂದರು. ಓದಿದೆ. ಮಧ್ಯದಲ್ಲಿ ತಡೆದರು. "ಆ ಸೋಪು ನಾನು ತಗಂಡಿಲ್ಲ ಕಣಪ್ಪ. ಆ ವಾರ ನಾನು ಊರಲ್ಲೇ ಇರ್ಲಿಲ್ಲ." ಸೋಪು ತಗೊಂಡಿದ್ದರು, ನನಗೆ ಚೆನ್ನಾಗಿ ನೆನಪಿದೆ. ಆದರೂ ಹೊಡೆದುಹಾಕಿದೆ. ಬಾಕಿಯೆಲ್ಲ ತೀರಿಸಿ, ಒಂದು ಕೆ.ಜಿ. ಬೆಲ್ಲ, ಅರ್ಧ ಕೆ.ಜಿ. ಕಡಲೆಬೇಳೆ ನಗದು ಕೊಟ್ಟು ತಗೊಂಡು ಹೋದರು. ಈಗ ಪಿಂಚಣಿ ಹಳೆಯ ಖಾತೆಗೇ ಬರುತ್ತಿದೆ.

ಟ್ರಸ್ಟಿನ ಗೋಡೆ ಮೇಲೆ ಒಂದು ಚಾರ್ಟ್ ಇದೆ. ನೀತಿ ಆಯೋಗದವರು ಬಹು ಆಯಾಮದ ಬಡತನ ಅಂತ ಅಳೆಯುತ್ತಾರಲ್ಲ, ಅದರ 12 ಅಂಶಗಳು. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಕರೆಂಟು, ಮನೆ ಅಂತ ಹೋಗಿ ಕೊನೆಗೆ ಬ್ಯಾಂಕ್ ಖಾತೆ. ಆ ಲೆಕ್ಕದಲ್ಲಿ ನಮ್ಮ ಅಜ್ಜಿಗೆ ಖಾತೆ ವಿಷಯದಲ್ಲಿ ಬಡತನವೇ ಇಲ್ಲ, ಒಂದಲ್ಲ ಎರಡು ಖಾತೆ ಇವೆ! ಮೇಡಂಗೆ ಇದನ್ನು ಹೇಳಿದೆ. ನಕ್ಕು, ಚಾರ್ಟಿನ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

ಇದೇ ಥರ ಬೇರೆ ಕಾಗದದ ಕೆಲಸಗಳೂ ಆಗುತ್ತವೆ. ಗೃಹಲಕ್ಷ್ಮಿಯ 2000 ರೂಪಾಯಿ ಬಾರದವರು, ಪಡಿತರ ಚೀಟಿ ಇ-ಕೆವೈಸಿ ಆಗದವರು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುವ ಆಯುಷ್ಮಾನ್ ಕಾರ್ಡ್ ಮಾಡಿಸದವರು. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಾರ್ಡ್. ಅದಕ್ಕೆ ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ರಿಟೈರ್ಡ್ ಗ್ರಾಮ ಲೆಕ್ಕಿಗರು ಇದ್ದಾರಲ್ಲ, ಅವರದು ಒಂದೇ ಪಾಠ: ಅರ್ಜಿ ಕೊಟ್ಟ ಮೇಲೆ ಸಕಾಲದ ನಂಬರ್ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಸಕಾಲ ಕಾಯ್ದೆಯಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. "ಆ 20 ರೂಪಾಯಿ ಯಾರಿಗೂ ಬೇಕಿಲ್ಲ, ನಂಬರ್ ಇದ್ರೆ ಫೈಲು ಕಳೆದುಹೋಗಲ್ಲ ಅಷ್ಟೆ" ಅನ್ನುತ್ತಾರೆ. ಒಳಗಿನಿಂದ ನೋಡಿದವರ ಮಾತು.

ಇನ್ನು ಸಾಲದ ವಿಷಯ. ಇಂಡಸ್ಟ್ರಿಯಲ್ ಏರಿಯಾದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ನಮ್ಮ ಕಡೆ ತುಂಬ ಇದ್ದಾರೆ. ಒಬ್ಬೊಬ್ಬರ ಮೇಲೆ ಮೂರು, ನಾಲ್ಕು ಮೈಕ್ರೋ ಫೈನಾನ್ಸ್ ಸಾಲ. ಒಂದರ ಕಂತು ಕಟ್ಟಲು ಇನ್ನೊಂದು. ಟ್ರಸ್ಟಿನವರು ಸಾಲ ಕೊಡುವುದಿಲ್ಲ, ತೀರಿಸುವುದೂ ಇಲ್ಲ. ಎಲ್ಲ ಸಾಲವನ್ನೂ ಒಂದು ಹಾಳೆಯ ಮೇಲೆ ಬರೆಸುತ್ತಾರೆ. ಅಷ್ಟೇನಾ ಅನ್ನಬೇಡಿ. ಹಾಗೆ ಒಟ್ಟಿಗೆ ಬರೆದು ನೋಡಿದವರು ನಾನು ಕಂಡಂತೆ ಯಾರೂ ಇಲ್ಲ. ಸೋಮವಾರದ ಸಂಘ, ಗುರುವಾರದ ಸಂಘ ಅಂತ ತಲೆಯಲ್ಲಿ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತಾರೆ. ಆಮೇಲೆ ನಿಯಮ ಹೇಳುತ್ತಾರೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಿ ಕಾಡುವಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೂ ಬಂತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಇದನ್ನೆಲ್ಲ ಒಂದು ಪುಟ ಕನ್ನಡದಲ್ಲಿ ಪ್ರಿಂಟ್ ಮಾಡಿ ಕೊಟ್ಟಿದ್ದಾರೆ. ಒಬ್ಬಾಕೆ ಅದನ್ನು ಬಾಗಿಲ ಹಿಂದೆ ಅಂಟಿಸಿದ್ದಾಳೆ. ಸಾಲ ಏನೂ ಕಡಿಮೆ ಆಗಿಲ್ಲ, ಆದರೆ ರಾತ್ರಿ ಎಂಟಕ್ಕೆ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದವನು ಈಗ ಹಗಲು ಹೊತ್ತು ಬರುತ್ತಾನಂತೆ.

ತುರ್ತು ಹಣ ಅಂತ ಒಂದಿದೆ. ಗರಿಷ್ಠ 3000 ರೂಪಾಯಿ, ನೇರ ಖಾತೆಗೆ ಹಾಕುತ್ತಾರೆ. ಹಳೆಯ ದಾನಿಗಳು ಇದಕ್ಕೆ ಸಿಡಿದೆದ್ದರು. "ದುಡ್ಡು ಕೊಟ್ರೆ ಕುಡಿದು ಹಾಕ್ತಾರೆ, ಸಾಮಾನು ಕೊಡಿ." ಕಿಟ್ಟಿನ ಎಣ್ಣೆ ಪ್ಯಾಕೆಟ್ ಮಾರಿ ಕುಡಿದವರನ್ನೂ ನಾನು ನೋಡಿದ್ದೇನೆ ಸ್ವಾಮಿ. ಕುಡಿಯುವವನಿಗೆ ದಾರಿ ಹೇಗೂ ಸಿಗುತ್ತದೆ. ತುರ್ತು ಹಣ ಬಂದ ಮನೆಗಳಲ್ಲಿ ಬಹುಪಾಲು ಮೊದಲು ತೀರಿಸಿದ್ದು ಮೆಡಿಕಲ್ ಸ್ಟೋರಿನ ಬಾಕಿ, ಆಮೇಲೆ ನನ್ನದು. ಬಾಕಿ ವಸೂಲಾಯಿತು ಅಂತ ಇವನು ಹೊಗಳುತ್ತಿದ್ದಾನೆ ಅಂದುಕೊಂಡರೆ ಅಂದುಕೊಳ್ಳಿ, ಅದೂ ಸುಳ್ಳಲ್ಲ.

ಮನಸ್ಸಿನ ಆರೋಗ್ಯದ ಕೆಲಸ ಈಗಷ್ಟೇ ಶುರುವಾಗಿದೆ, ಹೆಚ್ಚು ಹೇಳಲಾರೆ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್, ಹಿರಿಯರ ಸಹಾಯವಾಣಿ 14567 ನಂಬರ್ ಬರೆದ ಚೀಟಿ ನನ್ನ ಗಲ್ಲಾ ಪಕ್ಕ ಅಂಟಿಸಿ ಹೋಗಿದ್ದಾರೆ. ಯಾರೂ ಓದದ ಚೀಟಿ ಅಂದುಕೊಂಡರೆ, ಹುಡುಗರು ಬಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಅವರು ಮಾಡಿದ ಒಂದು ಕೆಲಸ ಮಾತ್ರ ನನಗೆ ಹಿಡಿಸಿತು. "ದಿನಾ ಬಂದು ಒಂದೊಂದೇ ಸಾಮಾನು ತಗೊಳ್ಳೋ ವಯಸ್ಸಾದವರು ಯಾರಾದ್ರೂ ಇದಾರಾ?" ಅಂತ ಅಂಗಡಿಯವರನ್ನೆಲ್ಲ ಕೇಳಿದರು. ಇದ್ದಾರೆ. ನಮ್ಮ ಬೀದಿಯ ಮೇಷ್ಟ್ರು. ಪಿಂಚಣಿ ಇದೆ, ಸ್ವಂತ ಮನೆ ಇದೆ, ಮಕ್ಕಳಿಬ್ಬರೂ ಬೆಂಗಳೂರು. ಬೆಳಿಗ್ಗೆ ಬೆಂಕಿಪೊಟ್ಟಣ, ಮಧ್ಯಾಹ್ನ ಎರಡು ನಿಂಬೆಹಣ್ಣು, ಸಂಜೆ ಒಂದು ಬಿಸ್ಕತ್ತು. ಮಾತು ಬೇಕು ಅವರಿಗೆ. ಟ್ರಸ್ಟಿನವರು ಕರೆದುಕೊಂಡು ಹೋಗಿ ಅರ್ಜಿ ಬರೆಯುವ ಮೇಜಿನ ಪಕ್ಕ ಕೂರಿಸಿದರು. ಈಗ ವಾರಕ್ಕೆ ಮೂರು ದಿನ ಮೇಷ್ಟ್ರೇ ಅರ್ಜಿ ತುಂಬುತ್ತಾರೆ, ಕಾಗುಣಿತ ತಪ್ಪಿದರೆ ಹುಡುಗಿಯರಿಗೂ ಬೈಯುತ್ತಾರೆ. ನನಗೆ ಆ ಬಿಸ್ಕತ್ತಿನ ವ್ಯಾಪಾರವೂ ಹೋಯಿತು.

ಈಗ ಕಳೆದ ಒಂದು ಸ್ಟಾರ್.

ಕಿಟ್ ನಿಲ್ಲಿಸಿದ್ದು ಆಷಾಢದಲ್ಲಿ. ಮಳೆ ಹಿಡಿದು ಕೂತಿತ್ತು, ಕೂಲಿ ಇಲ್ಲ. ಒಂದು ಬೋರ್ಡ್ ಬರೆದು ಗೇಟಿಗೆ ನೇತುಹಾಕಿದರು, ಮುಗಿಯಿತು. ಆ ಶನಿವಾರ ಬಂದವರು ಚೀಲ ಮಡಚಿಕೊಂಡು ಹೋದರು. 150 ಮನೆಯಲ್ಲಿ ಎಲ್ಲರಿಗೂ ಕಿಟ್ ಬೇಕಿರಲಿಲ್ಲ, ಒಪ್ಪುತ್ತೇನೆ. ಆದರೆ ಹಾಸಿಗೆ ಹಿಡಿದವರು, ಕೂಲಿಗೆ ಹೋಗಲಾರದವರು, ಕಾಗದ ಸರಿಯಾದರೂ ದುಡ್ಡು ಬರುವ ಹೊತ್ತಿಗೆ ಆರು ತಿಂಗಳಾಗುವವರು ಇದ್ದರು. ಅವರಿಗೆ ಆ ಆರು ತಿಂಗಳು ಏನು? ಮೇಡಂ ಹತ್ತಿರ ಇದನ್ನು ಜೋರಾಗಿಯೇ ಕೇಳಿದೆ. ಆಮೇಲೆ ಇಪ್ಪತ್ತು ಮನೆಗೆ ಮತ್ತೆ ಶುರುಮಾಡಿದರು, ಈ ಸಲ ರಾಗಿ ಹಿಟ್ಟು ಹಾಕಿ. ಚೀಲ ನಾನೇ ಕಟ್ಟುತ್ತೇನೆ, ರಾತ್ರಿ ಹೊತ್ತು ಮನೆಗೇ ಹೋಗಿ ಕೊಟ್ಟು ಬರುತ್ತಾರೆ. ಫೋಟೋ ಇಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತು.

ಆಫೀಸು ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಕಡಿದಾಗಿವೆ, ಹಿಡಿಯಲು ಕಂಬಿ ಇಲ್ಲ. ಪಿಂಚಣಿ ಕೆಲಸಕ್ಕೆ ಬರುವವರು ಯಾರು? ಮಂಡಿ ನೋವಿನವರು. ಸೊಪ್ಪಿನ ಅಜ್ಜಿ ಬುಟ್ಟಿಯನ್ನು ನನ್ನ ಅಂಗಡಿಯಲ್ಲಿಟ್ಟು, ಒಂದೊಂದು ಮೆಟ್ಟಿಲಿಗೂ ಕೂತು ಕೂತು ಹತ್ತಿದ್ದರು. ಕೆಳಗೆ ಒಂದು ಮೇಜು ಹಾಕಿ ಅಂತ ಹೇಳಿದ್ದೇನೆ. ಬಾಡಿಗೆ ಜಾಸ್ತಿ ಅನ್ನುತ್ತಾರೆ.

ಟೈಮು ಹತ್ತರಿಂದ ಐದು. ಕೂಲಿಗೆ ಹೋಗುವವರು ಆ ಹೊತ್ತಿನಲ್ಲಿ ಬರಬೇಕು ಅಂದರೆ ಒಂದು ದಿನದ ದುಡಿಮೆ ಬಿಡಬೇಕು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಂತೂ ಭಾನುವಾರ ಬಿಟ್ಟರೆ ಆಗುವುದೇ ಇಲ್ಲ. ಭಾನುವಾರ ಟ್ರಸ್ಟಿಗೂ ರಜೆ. ಫೋನ್ ಮಾಡಿದರೆ ಎತ್ತುವುದು ಅಪರೂಪ.

ಹೊರಗಿನಿಂದ ಬಂದವರಿಗೆ ಇಲ್ಲಿ ಏನೂ ಇಲ್ಲ. ಅಸ್ಸಾಂ, ಜಾರ್ಖಂಡ್ ಕಡೆಯವರು ಎಸ್ಟೇಟುಗಳಲ್ಲಿ, ಕಟ್ಟಡಗಳಲ್ಲಿ ಎಷ್ಟು ಜನ ಇದ್ದಾರೆ ಈಗ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಅವರ ಊರಿನ ಕಾರ್ಡಿಗೆ ಇಲ್ಲೇ ರೇಷನ್ ತಗೊಳ್ಳಬಹುದು. ಅದನ್ನು ಅವರಿಗೆ ಹೇಳಲು ಟ್ರಸ್ಟಿನಲ್ಲಿ ಹಿಂದಿ ಬರುವವರು ಒಬ್ಬರೂ ಇಲ್ಲ. ನನ್ನ ಅಂಗಡಿಗೆ ಬರುವ ಒಬ್ಬ ಹುಡುಗನಿಗೆ ನನ್ನ ಅರೆಬರೆ ಹಿಂದಿಯಲ್ಲೇ ಹೇಳಿ ಸೊಸೈಟಿಗೆ ಕಳಿಸಿದೆ.

ದಾನ ಕೊಡುವವರಿಗೆ ಎರಡು ಮಾತು. ಫೋಟೋ ಬರುವುದಿಲ್ಲ, ಶಾಲು ಇಲ್ಲ, ನಿಮ್ಮ ಮಗನ ಹುಟ್ಟುಹಬ್ಬಕ್ಕೆ ಸಾಲು ನಿಲ್ಲಿಸುವುದೂ ಇಲ್ಲ. ಈ ಕಾರಣಕ್ಕೇ ಕೆಲವರು ದಾನ ನಿಲ್ಲಿಸಿದರು ಅಂತ ಮೇಡಂ ಹೇಳಿದರು. ಲೆಕ್ಕ ಮಾತ್ರ ಚೊಕ್ಕಟ. ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಕಳಿಸುತ್ತಾರೆ: ಎಷ್ಟು ಕೇಸ್ ಬಂತು, ಎಷ್ಟು ಬಗೆಹರಿಯಿತು, ಎಷ್ಟು ಆಗಲಿಲ್ಲ, ಯಾಕೆ ಆಗಲಿಲ್ಲ. ಆಗದಿದ್ದದ್ದನ್ನೂ ಬರೆಯುವ ಟ್ರಸ್ಟ್ ನಾನು ಬೇರೆ ನೋಡಿಲ್ಲ. ಆದಾಯ ತೆರಿಗೆ ವಿನಾಯಿತಿಗೆ ಬೇಕಾಗುವ 80ಜಿ ರಸೀದಿ ಸರಿಯಾಗಿ ಕೊಡುತ್ತಾರೆ. 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಅದಕ್ಕೆ ಚೆಕ್ಕು ಅಥವಾ ಯುಪಿಐ ಮಾಡಿ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ 80ಜಿ ಇಲ್ಲವೇ ಇಲ್ಲ, ಸುಮ್ನೆ ರಸೀದಿ ಕೇಳಿ ಅವರ ಸಮಯ ಹಾಳು ಮಾಡಬೇಡಿ.

ಟ್ರಸ್ಟಿಗೆ ಕಾಗದದ ಕೆಲಸಕ್ಕೆ ಅಂತ ಹೋಗುವವರು ಮಧ್ಯಾಹ್ನ ಮೂರರ ಮೇಲೆ ಹೋಗಿ, ಬೆಳಿಗ್ಗೆ ಹುಡುಗಿಯರು ನಾಡಕಚೇರಿ, ಬ್ಯಾಂಕು ಅಂತ ಹೊರಗಿರುತ್ತಾರೆ. ಆಧಾರ್, ರೇಷನ್ ಕಾರ್ಡ್, ಮನೆಯಲ್ಲಿರುವ ಎಲ್ಲ ಪಾಸ್‌ಬುಕ್, ಯಾರೋ ಯಾವತ್ತೋ ಕೊಟ್ಟುಹೋದ ಎಟಿಎಂ ಕಾರ್ಡಿದ್ದರೆ ಅದನ್ನೂ ತಗೊಂಡು ಹೋಗಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲೇ ಇರಲಿ. ದುಡ್ಡು ಕೇಳುವುದಿಲ್ಲ, ಯಾರಾದರೂ ಟ್ರಸ್ಟಿನ ಹೆಸರು ಹೇಳಿ ಕೇಳಿದರೆ ಕೊಡಬೇಡಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆರೆಯಿರಿ ಅಂತ ನಾನು, ಮೆಡಿಕಲ್ ಸ್ಟೋರಿನವರು ಸೇರಿ ಕೇಳಿದ್ದೇವೆ. ಜಾಗ ಬೇಕಾದರೆ ನನ್ನ ಅಂಗಡಿ ಪಕ್ಕದ ಗೋಡೌನ್ ಕೊಡುತ್ತೇನೆ ಅಂದಿದ್ದೇನೆ. ನೆಲಮಟ್ಟದಲ್ಲಿದೆ, ಕಿಟ್ಟಿನ ಚೀಲ ಇಡುತ್ತಿದ್ದ ಜಾಗ ಈಗ ಖಾಲಿಯೇ ಇದೆ. ಕಮಿಟಿಯಲ್ಲಿ ಇಡುತ್ತೇವೆ ಅಂದರು. ಒಪ್ಪಿದರೆ ಐದನೇ ಸ್ಟಾರ್ ಸೇರಿಸುತ್ತೇನೆ.